ಒಂಟಿ ಜಡೆ ಟೀಚರು

ಬಲಗಡೆಯ ಜಡೆ ಮುಗಿದು ಕೆಂಪು ರಿಬ್ಬನ್ನೂ ಕಟ್ಟಿಯಾಗಿತ್ತು. ಎಡಗಡೆಯ ಕೂದಲನ್ನು ಹಂಸ ಮೂರೆಳೆಯಾಗಿ ಬಿಡಿಸಿಕೊಂಡಿದ್ದಳು, ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬೆಳಗಿನ ಏಳೂವರೆಗೆ ಬರುವ ಫೋನಿನಲ್ಲಿ ಒಳ್ಳೆಯ ಸುದ್ದಿ ಇರುವುದಿಲ್ಲವೆಂಬುದು ಹೊರಮಾವಿನ ಹಳೇ ಮನೆಗಳ ನಂಬಿಕೆ. ಅದು ಸುಳ್ಳಾಗಿದ್ದನ್ನು ಯಾರೂ ಕಂಡಿರಲಿಲ್ಲ.

ನಾಲ್ಕನೇ ತರಗತಿಯ ನಿಖಿತಾ ನಡುಮನೆಯ ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ತಲೆ ಅಮ್ಮನ ಕೈಯಲ್ಲಿ, ಕಣ್ಣು ಪರದೆಯಲ್ಲಿ ತೆರೆದಿದ್ದ ತನ್ನ ಪಾಠದ ಪುಟದ ಮೇಲೆ.

“ಅಮ್ಮಾ, ಇಲ್ಲೊಂದು ಹಳದಿ ಚೀಟಿ ಬಂದಿದೆ. ಒಂದ್ ಕೇಳ್ಲಾ?”

“ತಡಿ ಮಗಳೇ, ಫೋನ್ ಬರ್ತಿದೆ. ಆಮೇಲೆ ಕೇಳುವಂತೆ.”

ಫೋನು ಮಾಡಿದ್ದವಳು ಜಹನಾರಾ. ದೊಮ್ಮಲೂರಿನ ಆಫೀಸಿನಲ್ಲಿ ಹಂಸಳ ಜೊತೆ ಕೆಲಸ ಮಾಡುವ ಶಿವಾಜಿನಗರದ ಹುಡುಗಿ. ಕಂಪ್ಯೂಟರಿನ ಒಳಗಿನ ಕೆಲಸವೆಲ್ಲ ಅವಳದು, ಪಾಠ ಬರೆಯುವ ಕೆಲಸ ಹಂಸಳದು.

“ಹಂಸಕ್ಕಾ, ನೀವು ನಿನ್ನೆ ರಾತ್ರಿ ನಿಮ್ಮ ಮನೆಯವರ ಹೆಸರೆಲ್ಲ ಹಾಕಿದ್ರಲ್ಲ?”

“ಹೂಂ. ಸಾಹೇಬ್ರೇ ಹೇಳಿದ್ರು, ಸುಳ್ಳು ಮನೆ ತೋರಿಸಿದ್ರೆ ಸುಳ್ಳು ಅಂತ ಗೊತ್ತಾಗುತ್ತೆ, ನಿಮ್ಮನೇದೇ ಹಾಕಿ ಅಂತ. ಯಾಕೆ?”

“ಮೆಷಿನ್ನು ರಾತ್ರಿಯೆಲ್ಲ ಯೋಚನೆ ಮಾಡಿದೆ ಅಕ್ಕಾ. ಬೆಳಿಗ್ಗೆ ನೋಡ್ತೀನಿ, ನಿಮ್ಮ ಮಗಳು ಟೀಚರಾಗಿದಾಳೆ. ನೀವು ನಾಲ್ಕನೇ ಕ್ಲಾಸಲ್ಲಿದೀರಿ.”

ಹಂಸ ಬಾಚಣಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ಅದು ಕೆಳಗೆ ಬಿತ್ತು.

ಇದು ಏನೆಂದು ಹೇಳಬೇಕಾದರೆ ಮೂರು ತಿಂಗಳು ಹಿಂದೆ ಹೋಗಬೇಕು. ಎರಡು ಸಾವಿರದ ಎಂಟನೇ ಇಸವಿ. ದೊಮ್ಮಲೂರಿನ ಮೇಲ್ಸೇತುವೆಯ ಪಕ್ಕ, ಬೇಕರಿಯ ಮಹಡಿ ಮೇಲೆ ಅಂಜನಮೂರ್ತಿ ಎಂಬವರು ಮಕ್ಕಳಿಗೆ ಇಂಟರ್ನೆಟ್ಟಿನಲ್ಲಿ ಪಾಠ ಹೇಳುವ ಕಂಪನಿ ತೆರೆದಿದ್ದರು. ಎಲ್ಲ ಮಕ್ಕಳಿಗೂ ಒಂದೇ ಪಾಠ ಹೇಳುವುದು ಎಲ್ಲರ ಕಾಲಿಗೂ ಒಂದೇ ಅಳತೆಯ ಚಪ್ಪಲಿ ಹೊಲಿದ ಹಾಗೆ ಎಂಬುದು ಅವರ ಮಾತು. ಅವರ ಯಂತ್ರ ಪ್ರತಿ ಮಗುವಿಗೂ ಅದರದೇ ಪಾಠ ಕೊಡುತ್ತದೆ. ಲೆಕ್ಕದಲ್ಲಿ ಮಗುವಿನ ಅಜ್ಜಿಯ ಹೆಸರೇ ಬರುತ್ತದೆ, ಕತೆಯಲ್ಲಿ ಅದರ ಮಾವನ ಹೆಸರೇ ಬರುತ್ತದೆ. ಅದಕ್ಕಾಗಿ ಯಂತ್ರಕ್ಕೆ ಎಲ್ಲವನ್ನೂ ಮೂರು ಮಾತಿನ ವಾಕ್ಯದಲ್ಲಿ ಹೇಳಬೇಕು. ನಿಖಿತಾ, ತಾಯಿ, ಹಂಸ. ನಿಖಿತಾ, ತರಗತಿ, ನಾಲ್ಕು. ಹೀಗೆ ನೂರು ವಾಕ್ಯ ಹೇಳಿದರೆ, ಹೇಳದೆ ಉಳಿದ ಸಾವಿರವನ್ನು ಯಂತ್ರ ತಾನೇ ಊಹಿಸಿಕೊಳ್ಳುತ್ತದೆ.

“ಬೇರೆಯವರ ಕಂಪ್ಯೂಟರಿಗೆ ಅಕ್ಷರ ಮಾತ್ರ ಗೊತ್ತು, ನಮ್ಮದಕ್ಕೆ ಅರ್ಥ ಗೊತ್ತು,” ಎಂದು ಅಂಜನಮೂರ್ತಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಬೇಕರಿಯ ಹುಡುಗರಿಗೂ ಹೇಳಿದ್ದರು.

ಮೂರೆಳೆ ಸೇರಿಸಿ ಜಡೆ ಹಾಕುವ ಕೆಲಸ ಹಂಸಳಿಗೆ ಹೊಸದಲ್ಲ. ಮೂರು ತಿಂಗಳಲ್ಲಿ ಅವಳು ಕೆಲಸ ಕಲಿತುಬಿಟ್ಟಳು. ಬಿ.ಎ. ಮುಗಿಸಿ ಹನ್ನೊಂದು ವರ್ಷ ಬರೀ ಕುಕ್ಕರಿನ ಕೂಗು ಎಣಿಸಿದ್ದವಳಿಗೆ, “ಇದಕ್ಕೆ ನೀವೇನಂತೀರಿ ಹಂಸಾ ಅವರೇ?” ಎಂದು ಯಾರಾದರೂ ಕೇಳುವ ಜಾಗ ಪ್ರಪಂಚದಲ್ಲಿ ಅದೊಂದೇ ಇತ್ತು. ಆದರೆ ಕೆಲಸ ತಾತ್ಕಾಲಿಕ, ಮೂರು ತಿಂಗಳಿಗೆ ಮಾತ್ರ. ಇವತ್ತು ಎರಡನೇ ಶನಿವಾರ. ಮಧ್ಯಾಹ್ನ ಮೂರಕ್ಕೆ ಕಲ್ಯಾಣ ನಗರದ ಒಂದು ಶಾಲೆಯ ಕಾರ್ಯದರ್ಶಿ ಮಂಜುಳಮ್ಮ ಯಂತ್ರ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಹಂಸಳ ಕೆಲಸ ಖಾಯಂ. ಒಪ್ಪದಿದ್ದರೆ ಸೋಮವಾರದಿಂದ ಮತ್ತೆ ಕುಕ್ಕರು. ಅವರ ಮುಂದೆ ಕೂತು ಪಾಠ ಮಾಡಿ ತೋರಿಸುವ ಮಗು ನಿಖಿತಾ. ಅದಕ್ಕೇ ಎರಡು ಜಡೆ, ಕೆಂಪು ರಿಬ್ಬನ್ನು.

“ನಾಲ್ಕನೇ ಕ್ಲಾಸ್ ಅಂದ್ರೆ ಏನೇ ಜಹನಾರಾ?”

“ನೀವೇ ಒಳಗೆ ಹೋಗಿ ನೋಡಿ ಅಕ್ಕಾ.”

ಹಂಸ ಮಗಳನ್ನು ಎಬ್ಬಿಸಿ, ತನ್ನ ಹೆಸರು, ಗುಟ್ಟಿನ ಪದ ಒತ್ತಿದಳು. ದಿನವೂ ‘ಶಿಕ್ಷಕರ ಪುಟಕ್ಕೆ ಸ್ವಾಗತ’ ಎನ್ನುತ್ತಿದ್ದ ಪರದೆಯ ಮೇಲೆ ಒಂದು ಗಿಳಿ ಬಂದು ರೆಕ್ಕೆ ಬಡಿಯಿತು. ಆ ಗಿಳಿಯ ಚಿತ್ರವನ್ನು ಆರಿಸಿದವಳು ಹಂಸಳೇ. ‘ಬಾ ಪುಟ್ಟಿ ಹಂಸ, ಇವತ್ತು ಹದಿಮೂರರ ಮಗ್ಗಿ ಕಲಿಯೋಣ. ಮಗ್ಗಿ ಮುಗಿಸದೆ ಮುಂದೆ ಹೋಗುವಂತಿಲ್ಲ,’ ಎಂದಿತು ಗಿಳಿ. ಆ ಮಾತು ಬರೆದವಳೂ ಹಂಸಳೇ.

“ಯಾಕೆ ಹಿಂಗಾಯ್ತು?”

“ನೀವು ಏನು ಹಾಕಿದೀರ ನೋಡಿ,” ಎಂದಳು ಜಹನಾರಾ ನಿಧಾನವಾಗಿ, ಡಾಕ್ಟರು ಕಾಯಿಲೆಯ ಹೆಸರು ಹೇಳುವ ದನಿಯಲ್ಲಿ. “ನಿಖಿತಾ ತಂದೆ ಮುನೀಂದ್ರ. ಹಂಸ ತಾಯಿ ಮುನಿಲಕ್ಷ್ಮಮ್ಮ. ಮುನೀಂದ್ರನ ತಾಯಿ ಚಿಕ್ಕಮುನಿಯಮ್ಮ. ಮುನಿಲಕ್ಷ್ಮಮ್ಮನ ತಾಯೀನೂ ಚಿಕ್ಕಮುನಿಯಮ್ಮ.”

“ಹೌದು. ನಮ್ಮೆಜಮಾನ್ರು ನಮ್ಮಮ್ಮನ ತಮ್ಮ. ನಾನು ಸೋದರಮಾವನ್ನೇ ಮದುವೆ ಆಗಿರೋದು.”

“ಅದೇ ಅಕ್ಕಾ. ಈ ನಿಯಮದ ಕಟ್ಟು ಪರದೇಶದಿಂದ ಬಂದಿದ್ದು. ಅಪ್ಪ ಒಂದು ಡಬ್ಬಿ, ಅಮ್ಮನ ಸೋದರಮಾವ ಇನ್ನೊಂದು ಡಬ್ಬಿ. ಒಬ್ಬರೇ ಎರಡು ಡಬ್ಬೀಲೂ ಕೂರೋ ಹಾಗಿಲ್ಲ. ನಿಮ್ಮ ಯಜಮಾನ್ರು ಕೂತಿದಾರೆ. ನಿಖಿತಾ ನಿಮ್ಮ ಮಾವನ ಮಗಳು. ಮಾವನ ಮಗಳೂ ನೀವೂ ಒಂದೇ ತಲೆಮಾರು. ಹಂಗಂತ ಲೆಕ್ಕ ಹಾಕಿ, ಯಾರು ದೊಡ್ಡೋರು ಅಂತ ತಿಳೀದೆ ಕುರ್ಚಿ ಅದಲುಬದಲು ಮಾಡಿದೆ. ನಾನು ನಿಮ್ಮನ್ನ ದೊಡ್ಡೋರು ಮಾಡ್ತೀನಿ, ಹತ್ತು ನಿಮಿಷಕ್ಕೆ ಅದು ಮತ್ತೆ ಚಿಕ್ಕೋರು ಮಾಡುತ್ತೆ. ಆರು ಸಲ ಮಾಡ್ದೆ.”

“ನಿಮ್ಮಲ್ಲೂ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಲ್ಲಿ ಮದುವೆ ಆಗ್ತಾರಲ್ಲ?”

“ನಮ್ಮನೇದು ಹಾಕಿದ್ರೆ ಮೆಷಿನ್ನು ಊರು ಬಿಟ್ಟು ಹೋಗುತ್ತೆ, ಬಿಡಿ. ಈಗ ಸದ್ಯಕ್ಕೆ ಮಗ್ಗಿ ಮುಗಿಸಿ. ಮುಗಿಸಿದ್ರೆ ಐದನೇ ಕ್ಲಾಸಿಗೆ ಹಾಕ್ತದೇನೋ ನೋಡೋಣ.”

ಹಂಸ ಸೆರಗು ಸಿಕ್ಕಿಸಿ ಮಗ್ಗಿಗೆ ಕೂತಳು. ಹದಿಮೂರೊಂದ್ಲ ಹದಿಮೂರು. ಹದಿಮೂರೆರಡ್ಲ ಇಪ್ಪತ್ತಾರು. ಹದಿಮೂರು ಏಳಕ್ಕೆ ಬಂದಾಗ ಎಂಬತ್ತೊಂದು ಒತ್ತಿದಳು. ಗಿಳಿ ತಲೆ ಆಡಿಸಿತು. ‘ಪರವಾಗಿಲ್ಲ ಪುಟ್ಟಿ, ಇನ್ನೊಮ್ಮೆ ಯೋಚಿಸಿ ಹೇಳು.’

ಅಷ್ಟರಲ್ಲಿ ಅಡುಗೆಮನೆಯಿಂದ ಚಿಕ್ಕಮುನಿಯಮ್ಮ ಬಂದು ಹಿಂದೆ ನಿಂತಿತ್ತು. ಹಂಸಳಿಗೆ ಅತ್ತೆಯೂ ಅದೇ, ಅಜ್ಜಿಯೂ ಅದೇ. ಹುಟ್ಟಿದಾಗಿನಿಂದ ಅಜ್ಜಿ ಎಂದ ಬಾಯಿಗೆ ಮದುವೆಯಾದ ಮೇಲೆ ಅತ್ತೆ ಎನ್ನುವುದು ಬರಲೇ ಇಲ್ಲ. ಈಗ ತಾಯಿ ಮಗಳಿಬ್ಬರೂ ಅಜ್ಜಿ ಎಂದೇ ಕರೆಯುತ್ತಿದ್ದರು.

“ಏನಮ್ಮಿ ಅದು, ಈ ವಯಸ್ನಾಗೆ ಮಗ್ಗಿ?”

“ಆಫೀಸ್ ಕೆಲಸ ಅಜ್ಜಿ.”

“ಹದಿಮೂರೇಳ್ಲ ತೊಂಬತ್ತೊಂದು. ಸಂತೇಲಿ ಸೊಪ್ಪು ಮಾರ್ದೋಳಿಗೆ ಗೊತ್ತು, ಬಿ.ಎ. ಓದ್ದೋಳಿಗೆ ಗೊತ್ತಿಲ್ಲ.”

ಹಿತ್ತಲಿನ ಬಾಡಿಗೆ ಕೋಣೆಯ ಹುಲಿಗೆಪ್ಪ ನೀರಿನ ಬಿಂದಿಗೆ ಹಿಡಿದು ಅದೇ ಹೊತ್ತಿಗೆ ಬಾಗಿಲಲ್ಲಿ ಕಾಣಿಸಿಕೊಂಡ. ಕೊಪ್ಪಳದ ಕಡೆಯವನು, ಆಟೋ ಓಡಿಸುತ್ತಿದ್ದ. ಯಾರ ಮನೆಯಲ್ಲಿ ಏನೇ ಕೆಟ್ಟರೂ ಅದನ್ನು ತಾನು ಬಿಚ್ಚಿ ನೋಡಲೇಬೇಕೆಂಬುದು ಅವನ ಸ್ವಭಾವ. ಹೋದ ತಿಂಗಳು ಮಿಕ್ಸಿ ಬಿಚ್ಚಿದ್ದ. ಅದಾದ ಮೇಲೆ ಮನೆಯಲ್ಲಿ ಚಟ್ನಿಯನ್ನು ಒರಳಿನಲ್ಲೇ ರುಬ್ಬುತ್ತಿದ್ದರು.

“ಏನಾತ್ರಿ ಅಕ್ಕಾರ? ಕಂಪೂಟ್ರಿಗೆ ಏನರ ಆತೇನು?”

“ಏನಿಲ್ಲ ಹುಲಿಗೆಪ್ಪ. ನಾನು ಮಾವನ್ನ ಮದುವೆ ಆಗಿದೀನಿ ಅಂದ್ರೆ ಅದು ನಂಬ್ತಿಲ್ಲ.”

ಹುಲಿಗೆಪ್ಪ ಬಿಂದಿಗೆ ಕೆಳಗಿಟ್ಟು ಪರದೆಯನ್ನು ಬಹಳ ಹೊತ್ತು ನೋಡಿದ. “ಪಾಪ, ಅದರ ಕಡೆ ಆ ಪದ್ಧತಿ ಇರಂಗಿಲ್ರಿ. ಒಂದ್ಸಲ ಆರಿಸಿ ಹಚ್ಚಿ ನೋಡ್ರಿ. ನನ್ನ ಆಟೋಕ್ಕ ನಾನು ಹಂಗೇ ಮಾಡ್ತೀನಿ.”

ಹೇಳಿದ್ದಷ್ಟೇ ಅಲ್ಲ, ಕೈ ಚಾಚಿ ಗುಂಡಿಯನ್ನೂ ಒತ್ತಿಬಿಟ್ಟ. ಗಿಳಿ ಕಣ್ಣು ಮುಚ್ಚಿತು. ಮತ್ತೆ ಹೊತ್ತಿಸಿದಾಗ ‘ಬಾ ಪುಟ್ಟಿ ಹಂಸ, ಹದಿಮೂರರ ಮಗ್ಗಿ ಕಲಿಯೋಣ’ ಎಂದು ಮೊದಲಿನಿಂದ ಶುರುಮಾಡಿತು. ಹೇಳಿ ಮುಗಿಸಿದ್ದ ಆರು ಸಾಲೂ ಹೋಗಿದ್ದವು.

ಹತ್ತು ಗಂಟೆಗೆ ಅಂಜನಮೂರ್ತಿಯವರ ಫೋನು ಬಂತು. ಅವರು ಯಾವಾಗಲೂ ಮೆತ್ತಗೆ ಮಾತಾಡುತ್ತಿದ್ದರು. ಬೈಯುವಾಗ ಇನ್ನೂ ಮೆತ್ತಗೆ.

“ಹಂಸಾ ಅವರೇ, ಜಹನಾರಾ ಏನೋ ಹೇಳ್ತಿದಾಳೆ. ನಂಗೆ ಒಳಗಿನ ವಿಷಯ ಬೇಡ. ಮೂರು ಗಂಟೆಗೆ ಮಂಜುಳಮ್ಮನವರ ಮುಂದೆ ಮೆಷಿನ್ ನಿಲ್ಲಬಾರದು. ಏನ್ ತೆಗೀಬೇಕೋ ತೆಗೀರಿ.”

ತೆಗೆಯುವುದೇನೆಂದು ಜಹನಾರಾ ಬಿಡಿಸಿ ಹೇಳಿದಳು. ನಾಲ್ಕು ವಾಕ್ಯಗಳಲ್ಲಿ ಒಂದು ಹೋಗಬೇಕು, ಅಷ್ಟೇ. ಮುನೀಂದ್ರ ನಿಖಿತಾಳ ತಂದೆ ಎಂಬುದನ್ನು ತೆಗೆಯಬಹುದು. ಅಥವಾ ಮುನಿಲಕ್ಷ್ಮಮ್ಮ ಚಿಕ್ಕಮುನಿಯಮ್ಮನ ಮಗಳು ಎಂಬುದನ್ನು ತೆಗೆಯಬಹುದು.

ಹಂಸ ತಲೆಯೆತ್ತಿ ನೋಡಿದಳು. ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿ, ಒಣಗಿದ ಹಾರದೊಳಗೆ, ಅವಳಮ್ಮ ಮುನಿಲಕ್ಷ್ಮಮ್ಮ ಎಂದಿನಂತೆ ಸ್ವಲ್ಪ ಗಾಬರಿಯಾಗಿ ಕ್ಯಾಮೆರಾ ನೋಡುತ್ತಿದ್ದರು. ಹೋಗಿ ಏಳು ವರ್ಷವಾಗಿತ್ತು.

ಗಂಡನನ್ನಾದರೂ ಕೇಳೋಣವೆಂದು ಫೋನು ಮಾಡಿದಳು. ಮುನೀಂದ್ರ ನೆಂಟರ ಗೃಹಪ್ರವೇಶಕ್ಕೆಂದು ಬೆಳಿಗ್ಗೆ ಐದಕ್ಕೇ ಹೊಸಕೋಟೆಗೆ ಹೋಗಿದ್ದ. ಹಿಂದಿನಿಂದ ಓಲಗ ಕೇಳುತ್ತಿತ್ತು.

“ಮಾವಾ, ಆಫೀಸಲ್ಲಿ ಅಮ್ಮನ್ನ ತೆಗೀಬೇಕು ಅಂತಿದಾರೆ.”

“ಅಕ್ಕನ್ನಾ? ಅಕ್ಕ ಹೋಗಿ ಏಳು ವರ್ಷ ಆಯ್ತಲ್ಲೇ, ಇನ್ನೆಲ್ಲಿಂದ ತೆಗೀತಾರೆ?”

“ಇಲ್ದಿದ್ರೆ ನಿನ್ನ ತೆಗೀಬೇಕಂತೆ.”

“ಯಾವುದಾದ್ರೂ ಒಂದು ತೆಗಿ ಹಂಸ. ತಿಂಡಿಗೆ ಎಲೆ ಹಾಕ್ತಿದಾರೆ,” ಎಂದು ಅವನು ಇಟ್ಟುಬಿಟ್ಟ.

ತಂದೆಯ ಹೆಸರಿಲ್ಲದ ಮಗಳನ್ನು ಶಾಲೆಯವರ ಮುಂದೆ ಕೂರಿಸುವುದು ಹೇಗೆ? ಸತ್ತವರು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಹಂಸ ತನಗೆ ತಾನೇ ಎರಡು ಸಲ ಹೇಳಿಕೊಂಡಳು. ಅಳಿಸುವ ಅಧಿಕಾರ ಶಿಕ್ಷಕರಿಗೆ ಮಾತ್ರ. ಹಾಗಾಗಿ ನಿಖಿತಾಳನ್ನು ಕರೆದು ಮತ್ತೆ ಸ್ಟೂಲಿನ ಮೇಲೆ ಕೂರಿಸಿದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಹರಡಿಕೊಂಡ ಕೂದಲು. ‘ಶಿಕ್ಷಕಿ ನಿಖಿತಾ ಅವರಿಗೆ ನಮಸ್ಕಾರ,’ ಎಂದಿತು ಪರದೆ.

“ಅಮ್ಮಾ, ನೋಡು, ಆ ಹಳದಿ ಚೀಟಿ ಮತ್ತೆ ಬಂತು. ಇದರಲ್ಲಿ—”

“ಅದು ಯಾವುದೋ ಜಾಹೀರಾತು ಮಗಳೇ. ಮುಟ್ಬೇಡ, ಮೆಷಿನ್ನು ಮತ್ತೆ ಕೆಡುತ್ತೆ. ಮೇಲಿನ ಮೂಲೇಲಿ ಒತ್ತಿ ಮುಚ್ಚಿಬಿಡು.”

“ಜಾಹೀರಾತಲ್ಲ ಅಮ್ಮಾ, ಅದು ನನ್ನ—”

“ಮುಚ್ಚು ಅಂದೆ. ಈಗ ಅಜ್ಜಿ ಹೆಸರಿರೋ ಈ ಸಾಲು ಹುಡುಕು. ‘ಮುನಿಲಕ್ಷ್ಮಮ್ಮ, ತಾಯಿ, ಚಿಕ್ಕಮುನಿಯಮ್ಮ.’ ಅದನ್ನ ಅಳಿಸು.”

“ಯಾಕೆ? ಅದು ನಿಜ ಅಲ್ವಾ?”

ಹಂಸ ಮಗಳ ಬೆರಳನ್ನು ತನ್ನ ಬೆರಳಲ್ಲಿ ಹಿಡಿದು ತಾನೇ ಒತ್ತಿದಳು. ಗೋಡೆಯ ಕಡೆ ನೋಡಲಿಲ್ಲ. ಹತ್ತು ನಿಮಿಷ ಕಳೆಯಿತು. ಫೋನಿನಲ್ಲಿ ಜಹನಾರಾ, “ಅಕ್ಕಾ, ನೀವು ದೊಡ್ಡೋರಾದ್ರಿ,” ಎಂದಳು. ಗಿಳಿ ಹೋಯಿತು. ನಿಖಿತಾ ನಾಲ್ಕನೇ ತರಗತಿಗೆ ಬಂದಳು. ಎಲ್ಲ ಸರಿಹೋಯಿತು. ಅನ್ನ ಬೆಂದು ಸೀದಿತ್ತು.

ಹೊರಡುವ ಹೊತ್ತಿಗೆ ಚಿಕ್ಕಮುನಿಯಮ್ಮ ರೇಷ್ಮೆ ಸೀರೆ ಉಟ್ಟು ಜಗಲಿಯ ಮೇಲೆ ಕೂತಿತ್ತು.

“ಎಲ್ಲಿಗಜ್ಜಿ?”

“ನಿನ್ನ ಆಪೀಸಿಗೆ. ಲೆಕ್ಕದಾಗೆ ನನ್ನ ಹೆಸ್ರು ಬರ್ತದಂತೆ, ಮಗೀಗೆ ಹೇಳಿದ್ಯಂತೆ. ನಾನು ನೋಡ್ಬ್ಯಾಡವಾ?”

ಬೇಡವೆನ್ನಲು ಹಂಸಳಿಗೆ ಒಂದು ಕಾರಣವೂ ಹೊಳೆಯಲಿಲ್ಲ. ಇದ್ದದ್ದು ಒಂದೇ ಕಾರಣ, ಅದನ್ನು ಹೇಳುವಂತಿರಲಿಲ್ಲ.

ಹುಲಿಗೆಪ್ಪನ ಆಟೋ ರೈಲ್ವೆ ಗೇಟಿನಲ್ಲಿ ನಿಂತಿತು. ಗೇಟು ಹಾಕಿದರೆ ಹಾಕಿದ್ದೇ, ಗಾಡಿ ಬರುವವರೆಗೆ ಸೊಪ್ಪು ಬಿಡಿಸಿ ಮುಗಿಸಬಹುದು. ಅಜ್ಜಿ ಮುತ್ತುಗ, ನುಗ್ಗೆ ಎಂದು ಬೇಲಿಯ ಗಿಡಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿತ್ತು. ಹಿಂದೆ ಈ ಹಳಿಯ ಆಚೆ ಅವರದೇ ರಾಗಿ ಹೊಲವಿತ್ತು.

“ನಿಮ್ಮಮ್ಮ ಹುಟ್ಟಿದ್ದು ಅಲ್ಲೇ ಕಣಮ್ಮಿ, ಕಳೆ ಕೀಳೋವಾಗ. ನೋವು ಬಂದು ಬದಿನಾಗೆ ಮಲಗ್ದೆ. ಸಂಜೆ ಮನೇಗೆ ಮಂಕ್ರೀನಾಗೆ ಹೊತ್ಕೊಂಡು ಹೋದ್ವಿ.”

ಹಂಸ ರಸ್ತೆಯ ಇನ್ನೊಂದು ಬದಿ ನೋಡಿದಳು. ಜಡೆ ಹಾಕೋಣವೆಂದು ಮಗಳ ಎಡಗಡೆಯ ಕೂದಲಿಗೆ ಕೈ ಹಾಕಿದಳು. ಗೇಟು ಎದ್ದಿತು, ಆಟೋ ಹಾರಿತು, ಬಾಚಣಿಗೆ ಹಳಿಗಳ ನಡುವೆ ಬಿತ್ತು.

“ಅಮ್ಮಾ, ಈಗ ಕೇಳ್ಲಾ?”

“ಮೂರು ಗಂಟೆ ಆಗಲಿ ಮಗಳೇ. ಆಮೇಲೆ ಎಷ್ಟು ಬೇಕಾದ್ರೂ ಕೇಳು.”

ಮಂಜುಳಮ್ಮ ಮೂರಕ್ಕೆ ಐದು ನಿಮಿಷ ಮುಂಚೆಯೇ ಬಂದರು. ಐವತ್ತರ ಸುಮಾರಿನ ಹೆಂಗಸು, ದಪ್ಪ ಕನ್ನಡಕ, ಕೈಯಲ್ಲಿ ಬಟ್ಟೆ ಚೀಲ. ಕುಡಿಯಲು ಏನೂ ಬೇಡವೆಂದರು. ಅವರನ್ನು ನೋಡಿದರೆ ಯಾವ ಮಗುವೂ ಮಗ್ಗಿ ತಪ್ಪುವುದಿಲ್ಲ ಎನ್ನಿಸುವಂತಿತ್ತು. ಅಂಜನಮೂರ್ತಿ ಪ್ರೊಜೆಕ್ಟರಿನಿಂದ ಗೋಡೆಗೆ ಬೆಳಕು ಬಿಟ್ಟು, ಅಕ್ಷರ ಮತ್ತು ಅರ್ಥದ ಮಾತನ್ನು ಹೇಳಿದರು. ಅಜ್ಜಿ ಮುಂದಿನ ಕುರ್ಚಿಯಲ್ಲೇ ಕೂತಿತು. ಪಕ್ಕದಲ್ಲಿ ಹುಲಿಗೆಪ್ಪ ಕೂತ. ಅವನನ್ನು ಯಾರೂ ಕರೆದಿರಲಿಲ್ಲ. ಬಾಗಿಲಲ್ಲಿ ಜಹನಾರಾ ಕೈಬೆರಳು ಮಡಚಿ ಹಿಡಿದು ನಿಂತಿದ್ದಳು.

ಮೊದಲನೆಯ ಲೆಕ್ಕ ಬಂತು. ಅಂಜನಮೂರ್ತಿ ತಾವೇ ದನಿ ಎತ್ತಿ ಓದಿದರು: “‘ನಿಖಿತಾಳ ಅಜ್ಜಿ ಚಿಕ್ಕಮುನಿಯಮ್ಮ ಯುಗಾದಿಗೆ ಎಂಟು ಒಬ್ಬಟ್ಟು ಬೆಳಿಗ್ಗೆ, ನಾಲ್ಕು ಒಬ್ಬಟ್ಟು ಸಂಜೆ ಮಾಡಿದರು. ಒಟ್ಟು ಎಷ್ಟು?’”

“ಹನ್ನೆರಡು ಒಬ್ಬಟ್ಟು ಯಾವ ಮೂಲೇಗೆ?” ಎಂದಿತು ಅಜ್ಜಿ. ಆದರೆ ಮುಖ ಅರಳಿತ್ತು. ಮಂಜುಳಮ್ಮನೂ ನಕ್ಕರು. ನಿಖಿತಾ ಹನ್ನೆರಡು ಒತ್ತಿದಳು. ಗಿಳಿ ಚಪ್ಪಾಳೆ ಹೊಡೆಯಿತು.

“ಚೆನ್ನಾಗಿದೆ,” ಎಂದರು ಮಂಜುಳಮ್ಮ. “ಮಗೂಗೆ ತನ್ನ ಮನೆಯೋರೇ ಲೆಕ್ಕ ಹೇಳಿಕೊಟ್ಟಂಗಿದೆ.”

ಹಂಸಳ ಎದೆಯ ಮೇಲಿಂದ ಒರಳುಕಲ್ಲು ಇಳಿಯಿತು. ಖಾಯಂ ಎಂಬ ಪದ ಕಣ್ಣೆದುರು ಒಮ್ಮೆ ಸುಳಿದೂ ಹೋಯಿತು. ಎರಡನೆಯ ಲೆಕ್ಕವನ್ನು ಯಂತ್ರ ತಾನೇ ಕಟ್ಟಿಕೊಳ್ಳುತ್ತದೆ, ಬರೆದವರಿಗೂ ಮೊದಲೇ ತಿಳಿಯುವುದಿಲ್ಲ. ಅಂಜನಮೂರ್ತಿ ಅದೇ ಹುರುಪಿನಲ್ಲಿ ಓದಿದರು:

“‘ಅಜ್ಜಿ ಆ ಹನ್ನೆರಡು ಒಬ್ಬಟ್ಟುಗಳನ್ನು ತಮ್ಮ ಎಲ್ಲ ಮಕ್ಕಳಿಗೂ ಸಮನಾಗಿ ಹಂಚಿದರು. ಒಬ್ಬೊಬ್ಬರಿಗೆ ಎಷ್ಟು ಬಂತು?’”

ನಿಖಿತಾ ಒಮ್ಮೆ ಅಮ್ಮನ ಕಡೆ ನೋಡಿದಳು. ಒಮ್ಮೆ ಅಜ್ಜಿಯ ಕಡೆ ನೋಡಿದಳು. ಆಮೇಲೆ ಆರು ಎಂದು ಒತ್ತಿದಳು.

ಗಿಳಿ ತಲೆ ಆಡಿಸಿತು. ಅಂಜನಮೂರ್ತಿ ಓದುತ್ತಲೇ ಇದ್ದರು: “‘ತಪ್ಪು. ಸರಿಯುತ್ತರ ಹನ್ನೆರಡು. ಏಕೆಂದರೆ ಚಿಕ್ಕಮುನಿಯಮ್ಮನಿಗೆ ಇರುವುದು ಒಬ್ಬನೇ ಮಗ.’”



“ಯಾರಪ್ಪ ಹೇಳಿದ್ದು ಒಬ್ನೇ ಅಂತ?” ಎಂದಿತು ಚಿಕ್ಕಮುನಿಯಮ್ಮ.

“ಮೆಷಿನ್ನು ಹೇಳ್ತಿದೆ ಅಮ್ಮ.”

“ಹೆತ್ತೋಳು ನಾನಾ, ಅದಾ?”

ಅಂಜನಮೂರ್ತಿ ಉತ್ತರಕ್ಕಾಗಿ ಹಂಸಳ ಕಡೆ ತಿರುಗಿದರು. ಹಂಸ ಜಹನಾರಾಳ ಕಡೆ ತಿರುಗಿದಳು. ಜಹನಾರಾ ಬಾಗಿಲಲ್ಲಿ ಇರಲಿಲ್ಲ.

“ನನ್ನ ಲಕ್ಸ್ಮಿ ಎಲ್ಲೋದ್ಲು?” ಅಜ್ಜಿ ಎದ್ದು ಹೋಗಿ ಗೋಡೆಯ ಬೆಳಕಿನ ಮೇಲೆ ಕೈಯಿಟ್ಟು ಹುಡುಕಿತು. ಒಬ್ಬಟ್ಟಿನ ಲೆಕ್ಕ ಅದರ ರೇಷ್ಮೆ ಸೀರೆಯ ಮೇಲೆ ಬಿತ್ತು. “ಮನೇನಾಗೆ ಪೋಟೋ ಐತೆ, ದಿನಾ ಕಂಪೂಟ್ರ ಮೇಲೇ ಐತೆ. ಅವಳೊಬ್ಳು ಕಾಣ್ಲಿಲ್ವಾ ಇದಕ್ಕೆ?”

“ಅಜ್ಜಿ, ಕೂತ್ಕೊ. ಮನೇಗೆ ಹೋಗಿ ಹೇಳ್ತೀನಿ.”

“ಅಕ್ಕಾರು ತೆಗ್ಸ್ಯಾರ್ರಿ, ಫೋನಿನ್ಯಾಗ ಮಾತಾಡೂದು ನಾ ಕೇಳೀನಿ,” ಎಂದ ಹುಲಿಗೆಪ್ಪ, ಸಹಾಯ ಮಾಡುವ ಉದ್ದೇಶದಿಂದ. “ಮಷಿನ್ನಿಗೆ ಸೋದರಮಾವನ ಮದ್ವಿ ತಿಳೀವಲ್ದಾಗಿತ್ತು. ಅದಕ ಅವ್ವನ್ನ ತೆಗ್ಸಿ ರಿಪೇರಿ ಮಾಡ್ಯಾರ.”

ಅಜ್ಜಿ ಹಂಸಳನ್ನು ನೋಡಿತು. ಹೋಗಿ ಕುರ್ಚಿಯಲ್ಲಿ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿತು.

ಮಂಜುಳಮ್ಮ ಕನ್ನಡಕ ತೆಗೆದು ಒರೆಸಿದರು. “ಮೊದ್ಲು ಸರಿಯಾಗೇ ಹಾಕಿದ್ರಾ ಅಮ್ಮ ನೀವು?”

“ಹೌದು ಮೇಡಂ,” ಎಂದಳು ಹಂಸ. ಸುಳ್ಳು ಹೇಳಲು ಇನ್ನು ಶಕ್ತಿ ಉಳಿದಿರಲಿಲ್ಲ. “ಸರಿಯಾಗಿ ಹಾಕಿದಾಗ ಮೆಷಿನ್ನು ಕೆಡ್ತು. ಅದಕ್ಕೆ ಒಂದು ಸಾಲು ಅಳಿಸಿದ್ವಿ.”

“ನಮ್ಮ ಯಜಮಾನ್ರು ನಮ್ಮಮ್ಮನ ಕೊನೇ ತಮ್ಮ,” ಎಂದರು ಮಂಜುಳಮ್ಮ. “ನಮ್ಮ ಸ್ಕೂಲ್ ಮಕ್ಕಳಲ್ಲಿ ಎಷ್ಟೋ ಜನರ ಮನೆ ಹಿಂಗೇ. ಹೋದ ತಿಂಗಳು ಒಂದು ದೊಡ್ಡ ಕಂಪನಿಯೋರು ಬಂದಿದ್ರು. ನಮ್ಮನೇದು ಹಾಕಿ ಅಂದೆ, ನಿಂತೋಯ್ತು. ವಾಪಸ್ ಕಳಿಸ್ದೆ. ಇಲ್ಲಿ ನಮ್ಮ ಕಡೆ ಹೆಣ್ಮಗಳೊಬ್ಬಳು ಪಾಠ ಬರೀತಾಳೆ, ಅವಳಿಗೆ ಗೊತ್ತಿರುತ್ತೆ ಅಂತ ಯಾರೋ ಹೇಳಿದ್ರು. ಅದನ್ನ ನೋಡೋಕೇ ಬಂದೆ.” ಅವರು ಚೀಲ ತೆಗೆದುಕೊಂಡು ಎದ್ದರು. “ನೀವು ಮೆಷಿನ್ನು ಸರಿ ಮಾಡಿರ್ತೀರ ಅನ್ಕೊಂಡಿದ್ದೆ. ಮನೇನೇ ಸರಿ ಮಾಡ್ಬಿಟ್ರಲ್ಲಮ್ಮ.”

ಅವರು ಮೆಟ್ಟಿಲಿಳಿಯುವ ಸದ್ದು ಕೊನೆಯ ಮೆಟ್ಟಿಲವರೆಗೂ ಕೇಳಿಸಿತು. ಅಂಜನಮೂರ್ತಿ ಬೆಳಕನ್ನು ಆರಿಸಿದರು. ಆಮೇಲೆ ಬಹಳ ಮೆತ್ತಗೆ, ಮೂರು ತಿಂಗಳಲ್ಲಿ ಎಂದೂ ಆಡದಷ್ಟು ಮೆತ್ತಗೆ, “ಹಂಸಾ ಅವರೇ, ಸೋಮವಾರ ತೊಂದರೆ ತಗೋಬೇಡಿ,” ಎಂದರು.

ಮೆಟ್ಟಿಲ ಹತ್ತಿರ ಜಹನಾರಾ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು. “ಅಕ್ಕಾ, ಅಳಿಸಿದ ಸಾಲನ್ನ ವಾಪಸ್ ಹಾಕಿದೀನಿ. ನಿಮ್ಮಮ್ಮ ಬಂದ್ರು. ಆದ್ರೆ ನೀವು ಮತ್ತೆ ನಾಲ್ಕನೇ ಕ್ಲಾಸು.”

“ಇರಲಿ ಬಿಡು,” ಎಂದಳು ಹಂಸ.

ಸಂಜೆ ಆಟೋ ಮತ್ತೆ ರೈಲ್ವೆ ಗೇಟಿನಲ್ಲಿ ನಿಂತಿತು. ಗಾಡಿಯ ಸು‍ಳಿವೇ ಇರಲಿಲ್ಲ. ಹುಲಿಗೆಪ್ಪ ಇಳಿದು, ಯಾರೂ ಕೇಳದಿದ್ದರೂ ಹಳಿಗಳ ನಡುವೆ ಹುಡುಕಿ ಬಾಚಣಿಗೆ ತಂದುಕೊಟ್ಟ. ನಾಲ್ಕು ಹಲ್ಲು ಮುರಿದಿದ್ದವು. ಅಜ್ಜಿ ಹಳಿಯ ಆಚೆ ಎದ್ದಿರುವ ಅಪಾರ್ಟ್‌ಮೆಂಟುಗಳನ್ನು ನೋಡುತ್ತ ಕೂತಿತ್ತು. ಹಂಸಳ ಮೊಣಕಾಲ ಮೇಲೆ ಅದರ ಕೈಯಿತ್ತು. ಅದು ಅತ್ತೆಯ ಕೈಯೋ ಅಜ್ಜಿಯ ಕೈಯೋ ಹಂಸಳಿಗೆ ಗೊತ್ತಾಗಲಿಲ್ಲ.

ಸೋಮವಾರ ಬೆಳಿಗ್ಗೆ ಏನೇನು ಮಾಡಬೇಕೆಂದು ಯೋಚಿಸಿದಳು. ಬೇಳೆ ನೆನೆಹಾಕಬೇಕು. ಮಿಕ್ಸಿ ರಿಪೇರಿಗೆ ಕೊಡಬೇಕು. ‘ನೀವೇನಂತೀರಿ ಹಂಸಾ ಅವರೇ’ ಎಂದು ಇನ್ನು ಯಾರೂ ಕೇಳುವುದಿಲ್ಲ. ಅವಳು ಮಗಳ ಎಡಗಡೆಯ ಕೂದಲನ್ನು ಬಿಡಿಸಿ, ಸಿಕ್ಕು ತೆಗೆದು, ಮೂರೆಳೆ ಮಾಡಿ, ಬೆಳಿಗ್ಗೆ ಬಿಟ್ಟ ಜಡೆಯನ್ನು ಹಾಕತೊಡಗಿದಳು. ಈಗ ಅವಸರವೇನೂ ಇರಲಿಲ್ಲ.

“ಅಮ್ಮಾ, ಈಗಾದ್ರೂ ಕೇಳ್ಲಾ?”

“ಕೇಳು ಮಗಳೇ. ಬೆಳಿಗ್ಗೆಯಿಂದ ಕಾಯ್ತಿದೀಯ, ಪಾಪ. ಏನದು?”

ನಿಖಿತಾ ತಲೆ ಅಲ್ಲಾಡಿಸದೆ, ಜಡೆ ಕೆಡದ ಹಾಗೆ, ಒಂದೊಂದೇ ಪದವನ್ನು ನೆನಪು ಮಾಡಿಕೊಂಡು ಕೇಳಿದಳು:

“ಆ ಹಳದಿ ಚೀಟೀಲಿ, ‘ಟೀಚರ್, ಒಬ್ಬರೇ ಮಗುವಿನ ಅಪ್ಪನೂ, ಅಮ್ಮನ ಸೋದರಮಾವನೂ ಆಗಿರಬಹುದೇ? ಹಾಗಿದ್ದರೆ ಹೌದು ಒತ್ತಿ, ಇನ್ನು ಮುಂದೆ ನೆನಪಿಟ್ಟುಕೊಳ್ಳುತ್ತೇನೆ’ ಅಂತ ಇತ್ತಲ್ಲ, ಅಮ್ಮಾ, ನಾನು ಹೌದು ಅಂತ ಒತ್ಲಾ?”